ಅಳಿಸಿದ ಡಿಸ್ಕಿನಲ್ಲಿ ಕಾಣೆಯಾದ ಜಾಗ

ಹಾರ್ಡ್ ಡಿಸ್ಕಿನ ಜಾಗ ಸವೆಯುವ ವಸ್ತುವಲ್ಲ. ಎಷ್ಟು ಸಲ ಬರೆದು ಎಷ್ಟು ಸಲ ಅಳಿಸಿದರೂ ಒಳಗಿನ ತಟ್ಟೆಯ ಅಗಲ ಅಷ್ಟೇ ಇರುತ್ತದೆ. ಆದರೂ ‘ಪೂರ್ತಿ ಅಳಿಸಿದೆ, ಆಮೇಲೆ ನೋಡಿದರೆ 500 ಜಿಬಿ ಇದ್ದದ್ದು 32 ಜಿಬಿ ಆಗಿದೆ’ ಎಂದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವವರು ಇದ್ದೇ ಇದ್ದಾರೆ. ಅವರಲ್ಲಿ ಕೆಲವರು ಡಿಸ್ಕು ಕೆಟ್ಟಿತೆಂದು ಅದನ್ನು ಅಲ್ಲೇ ಬಿಟ್ಟು ಹೊಸದನ್ನು ಕೊಂಡು ಹೋಗುತ್ತಾರೆ. ಹಾಗೆ ಬಿಟ್ಟುಹೋದ ಡಿಸ್ಕು ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಅಷ್ಟೇ ಅಲ್ಲ, ಅದರೊಳಗೆ ಅವರು ಅಳಿಸಿದೆವೆಂದು ನಂಬಿದ ಸಂಗತಿಗಳೂ ಇರಬಹುದು. ಈ ಅಧ್ಯಾಯ ಕಾಣೆಯಾದ ಜಾಗಕ್ಕೂ ಅಳಿಸದೆ ಉಳಿದ ಸಂಗತಿಗಳಿಗೂ ಇರುವ ನಂಟಿನ ಬಗ್ಗೆ.

ಇಂಥ ಡಿಸ್ಕುಗಳ ವಿಚಾರ ಮಾಡಲು ನವಿ ಮುಂಬಯಿಯ ವಾಶಿಗಿಂತ ತಕ್ಕ ಊರು ಬೇಕಿಲ್ಲ. 1970ರಲ್ಲಿ ನವಿ ಮುಂಬಯಿ ಕಟ್ಟಲು ಸಿಡ್ಕೊ ಸಂಸ್ಥೆ ಸ್ಥಾಪನೆಯಾದಾಗ ಠಾಣೆ ಕೊಲ್ಲಿಯ ಈ ದಡದಲ್ಲಿ ಇದ್ದದ್ದು ಉಪ್ಪಿನ ಗದ್ದೆಗಳು, ಗಜನಿ ಭೂಮಿ, ಕೋಲಿ ಮತ್ತು ಆಗ್ರಿ ಜನರ ಹಳ್ಳಿಗಳು. 1992ರಲ್ಲಿ ಮಾನ್‌ಖುರ್ದ್‌ನಿಂದ ಕೊಲ್ಲಿ ದಾಟಿ ವಾಶಿಗೆ ಲೋಕಲ್ ರೈಲು ಬಂತು. ಆಮೇಲೆ ರೈಲು ನಿಲ್ದಾಣದ ಕಟ್ಟಡದ ಮೇಲೆಯೇ ಐಟಿ ಕಚೇರಿಗಳು ಎದ್ದವು. ವಾಶಿಯಿಂದ ಉತ್ತರಕ್ಕೆ ಮಹಾಪೆ, ರಬಾಳೆ, ಐರೋಲಿಯ ತನಕ ಚಾಚಿರುವ ಟಿಟಿಸಿ ಕೈಗಾರಿಕಾ ಪಟ್ಟಿಯಲ್ಲಿ ಇಂದು ದೇಶದ ಡೇಟಾ ಸೆಂಟರುಗಳ ದೊಡ್ಡ ಗುಂಪೊಂದು ನಿಂತಿದೆ. ದಕ್ಷಿಣಕ್ಕೆ ಪನ್ವೇಲಿನಲ್ಲಿ 2020ರಲ್ಲಿ ಯೋಟ್ಟಾ ಕಂಪನಿಯ ಎನ್‌ಎಂ1 ಕೇಂದ್ರ ಶುರುವಾಯಿತು. ಡೇಟಾ ಸೆಂಟರಿನಲ್ಲಿ ಡಿಸ್ಕಿನ ಆಯುಷ್ಯ ಕೆಲವೇ ವರ್ಷ. ಕಚೇರಿಯ ಕಂಪ್ಯೂಟರಿನದೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಆ ಡಿಸ್ಕು ಪುಡಿಯಾಗಬೇಕು, ಇಲ್ಲವೇ ಅಳಿಸಿಕೊಂಡು ಮರುಮಾರಾಟಕ್ಕೆ ಬರಬೇಕು. ಕೊಲ್ಲಿಯ ಆಚೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ದೊಡ್ಡ ಪೇಟೆಯೇ ಇದೆ. ಇಲ್ಲಿನ ನಮ್ಮ ಕನ್ನಡಿಗ ಹೋಟೆಲಿನವರ ಬಿಲ್ಲಿಂಗ್ ಕಂಪ್ಯೂಟರಿಗೆ, ಕನ್ನಡ ಸಂಘದವರ ಯಕ್ಷಗಾನ ವಿಡಿಯೊ ತುಂಬಿಡಲು ಸೆಕೆಂಡ್‌ಹ್ಯಾಂಡ್ ಡಿಸ್ಕು ಅಗ್ಗವಾಗಿ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಜಾಗ ಎಲ್ಲಿ ಹೋಯಿತೆಂದು ಹುಡುಕುವ ಮೊದಲು ಡಿಸ್ಕಿನ ಲೆಕ್ಕ ಎಲ್ಲೆಲ್ಲಿ ಬರೆದಿರುತ್ತದೆ ಎಂದು ತಿಳಿಯಬೇಕು. ಹೊಲ ಬೇರೆ, ಪಹಣಿ ಬೇರೆ. ಪಹಣಿಯಲ್ಲಿ ಎರಡು ಎಕರೆ ಕಡಿಮೆ ಬರೆದರೆ ಹೊಲವೇನೂ ಕುಗ್ಗುವುದಿಲ್ಲ, ಆದರೆ ಆ ಎರಡು ಎಕರೆಯನ್ನು ಮಾರುವಂತಿಲ್ಲ, ಸಾಲಕ್ಕೆ ತೋರಿಸುವಂತಿಲ್ಲ. ಡಿಸ್ಕಿನಲ್ಲಿ ಇಂಥ ದಾಖಲೆ ಒಂದರ ಮೇಲೊಂದರಂತೆ ನಾಲ್ಕು ಇವೆ. ಎಲ್ಲಕ್ಕಿಂತ ಕೆಳಗೆ ಡಿಸ್ಕಿನೊಳಗಿನ ನಿಯಂತ್ರಕ, ‘ನನ್ನಲ್ಲಿ ಇಷ್ಟು ಸೆಕ್ಟರುಗಳಿವೆ’ ಎಂದು, ಅಂದರೆ ಡೇಟಾ ಬರೆಯುವ ಪುಟ್ಟ ಮಡಿಗಳು ಇಷ್ಟಿವೆ ಎಂದು, ಕಂಪ್ಯೂಟರಿಗೆ ಹೇಳುವುದು. ಅದರ ಮೇಲೆ, ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂದು ಬರೆದಿಡುವ ಪಾರ್ಟಿಷನ್ ಪಟ್ಟಿ. ಅದರ ಮೇಲೆ, ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಫೈಲ್ ಸಿಸ್ಟಂ. ಎಲ್ಲಕ್ಕಿಂತ ಮೇಲೆ, ನಮ್ಮ ಕಣ್ಣಿಗೆ ಬೀಳುವ ‘ಇಷ್ಟು ಖಾಲಿ, ಇಷ್ಟು ಭರ್ತಿ’ ಎಂಬ ಪರದೆ. ಅಳಿಸುವ ಕೆಲಸ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಮಾತ್ರ ಮುಟ್ಟುತ್ತದೆ.

ಮೇಲಿನಿಂದಲೇ ಹೊರಡೋಣ. 500 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ 465 ಜಿಬಿ ಎಂದು ತೋರಿಸುತ್ತದೆ. ಇದರಲ್ಲಿ ಏನೂ ಕಳೆದಿಲ್ಲ. ತಯಾರಕರಿಗೆ ಒಂದು ಜಿಬಿ ಎಂದರೆ ಸರಿಯಾಗಿ ನೂರು ಕೋಟಿ ಬೈಟು. ವಿಂಡೋಸಿಗೆ 1024ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 1,07,37,41,824 ಬೈಟು. ಎರಡಕ್ಕೂ ಹೆಸರು ಒಂದೇ ಆದದ್ದರಿಂದ ಈ ಗೊಂದಲ. ಅದನ್ನು ಬಿಡಿಸಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಹೊಸ ಹೆಸರುಗಳನ್ನು ಕೊಟ್ಟಿತು. ಆಪಲ್ 2009ರಿಂದ ತನ್ನ ಮ್ಯಾಕ್‌ಗಳಲ್ಲಿ ತಯಾರಕರ ಲೆಕ್ಕವನ್ನೇ ಹಿಡಿಯಿತು. ವಿಂಡೋಸ್ ಹಳೆಯ ಲೆಕ್ಕವನ್ನೂ ಹಳೆಯ ಹೆಸರನ್ನೂ ಇಟ್ಟುಕೊಂಡಿದೆ. ಡಿಸ್ಕು ದೊಡ್ಡದಾದಷ್ಟೂ ಅಂತರ ಹಿಗ್ಗುತ್ತದೆ: 1 ಟಿಬಿ ಡಿಸ್ಕು 931 ಆಗಿ ಕಾಣುತ್ತದೆ. ಈ ಕೊರತೆ ಅಳಿಸುವ ಮೊದಲೂ ಇತ್ತು, ನಾವು ನೋಡಿರಲಿಲ್ಲ ಅಷ್ಟೇ.

ಇನ್ನು ಫೈಲ್ ಸಿಸ್ಟಂ. ಅಳಿಸುವ ಕೆಲಸದಿಂದಲೇ ನೇರವಾಗಿ ಜಾಗ ಹೋಗುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಕಂಪ್ಯೂಟರಿನಲ್ಲಿ ವಿಂಡೋಸ್ ಇರಬೇಕು, ಈಗಿನ ಫೈಲುಗಳು ಇರಬೇಕು, ಆದರೆ ಹಿಂದೆ ಡಿಲೀಟ್ ಮಾಡಿದ ಫೈಲುಗಳ ಕುರುಹು ಮಾತ್ರ ಹೋಗಬೇಕು ಎನ್ನುವವರು ಖಾಲಿ ಜಾಗವನ್ನು ಮಾತ್ರ ಒರೆಸುವ ತಂತ್ರಾಂಶ ಬಳಸುತ್ತಾರೆ. ಚಾಲೂ ಇರುವ ವಿಂಡೋಸಿನಲ್ಲಿ ಇಂಥ ತಂತ್ರಾಂಶ ಖಾಲಿ ಸೆಕ್ಟರುಗಳಿಗೆ ನೇರವಾಗಿ ಕೈಹಾಕುವುದಿಲ್ಲ. ಅದು ಹಿಡಿಯುವ ದಾರಿ ಬೇರೆ: ಖಾಲಿ ಜಾಗವೆಲ್ಲ ತುಂಬುವ ತನಕ ಒಂದು ದೈತ್ಯ ಫೈಲನ್ನು ಬರೆಯುತ್ತಾ ಹೋಗುತ್ತದೆ. ಒಂದಿಷ್ಟೂ ಜಾಗ ಉಳಿಯದಾದಾಗ ಆ ಫೈಲನ್ನು ಅಳಿಸಿ ಜಾಗವನ್ನು ಹಿಂದಿರುಗಿಸುತ್ತದೆ. ವಿಂಡೋಸಿನೊಂದಿಗೇ ಬರುವ ಸೈಫರ್ ಎಂಬ ಆದೇಶ ಇದನ್ನು ಮೂರು ಸುತ್ತು ಮಾಡುತ್ತದೆ: ಒಮ್ಮೆ ಎಲ್ಲ ಸೊನ್ನೆ, ಒಮ್ಮೆ ಎಲ್ಲ ಒಂದು, ಒಮ್ಮೆ ಯದ್ವಾತದ್ವಾ ಅಂಕಿಗಳು. ಸೆಕೆಂಡಿಗೆ 120 ಎಂಬಿ ಬರೆಯುವ ಡಿಸ್ಕಿನಲ್ಲಿ 1 ಟಿಬಿ ಖಾಲಿ ಜಾಗಕ್ಕೆ ಒಂದು ಸುತ್ತು ಸುಮಾರು ಎರಡೂಕಾಲು ಗಂಟೆ, ಮೂರು ಸುತ್ತಿಗೆ ಏಳು ಗಂಟೆ.

ಏಳು ಗಂಟೆ ಕಾಯುವವರು ಕಡಿಮೆ. ನಡುವೆ ಕರೆಂಟು ಹೋಗುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುತ್ತದೆ, ಅಥವಾ ತಾಳ್ಮೆ ಮುಗಿದು ಕಿಟಕಿ ಮುಚ್ಚಿಬಿಡುತ್ತಾರೆ. ಆಗ ಆ ದೈತ್ಯ ಫೈಲು ಇದ್ದಲ್ಲೇ ಉಳಿಯುತ್ತದೆ. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಡಿಸ್ಕು ತುಂಬಿದೆ ಎನ್ನುತ್ತದೆ. ಇಡೀ ಮನೆಯ ಫೋಟೊ, ಹಾಡು, ಕಾಗದಪತ್ರ ಎಲ್ಲ ಕೂಡಿದರೂ 100 ಜಿಬಿ ಆಗದಿರುವಾಗ ಉಳಿದ 800 ಜಿಬಿ ಯಾರು ತಿಂದರು ಎಂದು ಗಾಬರಿಯಾಗುವುದು ಸಹಜ. ಪರಿಹಾರ ಸುಲಭ. ಅಡಗಿದ ಫೈಲುಗಳನ್ನು ತೋರಿಸುವಂತೆ ವಿಂಡೋಸಿಗೆ ಹೇಳಿ ಡ್ರೈವಿನ ಬುಡದಲ್ಲೇ ಹುಡುಕಿ. ಸೈಫರ್ ಬಿಟ್ಟುಹೋದದ್ದಾದರೆ ಅಲ್ಲಿ ‘ಇಎಫ್‌ಎಸ್‌ಟಿಎಂಪಿಡಬ್ಲ್ಯುಪಿ’ ಎಂಬ ಫೋಲ್ಡರ್ ಸಿಗುತ್ತದೆ. ಅದನ್ನು ಅಳಿಸಿದರೆ ಜಾಗ ಹಿಂದಿರುಗುತ್ತದೆ. ಬೇರೆ ತಂತ್ರಾಂಶವಾದರೆ ಹೆಸರು ಬೇರೆ, ಆದರೆ ಅಷ್ಟು ದೊಡ್ಡ ಫೈಲು ಕಣ್ಣಿಗೆ ಬೀಳದಿರದು. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ಚಿತ್ರವಾಗಿ ತೋರಿಸುವ ವಿನ್‌ಡಿರ್‌ಸ್ಟಾಟ್‌ನಂಥ ಉಚಿತ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಕೆಲಸ ಇನ್ನೂ ಬೇಗ ಆಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂ ಪ್ರತಿ ಫೈಲಿಗೂ ಒಂದು ದಾಖಲೆಯನ್ನು ಮಾಸ್ಟರ್ ಫೈಲ್ ಟೇಬಲ್ ಎಂಬ ಪಟ್ಟಿಯಲ್ಲಿ ಇಡುತ್ತದೆ. ಒಂದೊಂದು ದಾಖಲೆ ಸಾಮಾನ್ಯವಾಗಿ 1 ಕೆಬಿ. ತೀರಾ ಚಿಕ್ಕ ಫೈಲಾದರೆ ಅದರ ಒಳಗಿನ ವಿಷಯವೂ ಈ ದಾಖಲೆಯೊಳಗೇ ಕೂತಿರುತ್ತದೆ. ಹಾಗಾಗಿ ಒಳ್ಳೆಯ ಅಳಿಸುವ ತಂತ್ರಾಂಶ ಈ ಪಟ್ಟಿಯ ಹಳೆಯ ಸಾಲುಗಳನ್ನೂ ಮುಚ್ಚಲೆಂದು ಲೆಕ್ಕವಿಲ್ಲದಷ್ಟು ಪುಟಾಣಿ ಫೈಲುಗಳನ್ನು ಸೃಷ್ಟಿಸಿ ಅಳಿಸುತ್ತದೆ. ಫೈಲು ಹೋದರೂ ಪಟ್ಟಿ ಕುಗ್ಗುವುದಿಲ್ಲ. ಹತ್ತು ಲಕ್ಷ ಪುಟಾಣಿ ಫೈಲು ಹುಟ್ಟಿ ಸತ್ತರೆ ಸುಮಾರು 1 ಜಿಬಿ ಪಟ್ಟಿಯಲ್ಲೇ ಉಳಿಯುತ್ತದೆ. ಇದು ಪೂರ್ತಿ ನಷ್ಟವಲ್ಲ, ಮುಂದೆ ಬರುವ ಹೊಸ ಫೈಲುಗಳು ಆ ಸಾಲುಗಳನ್ನೇ ಬಳಸುತ್ತವೆ. ಈಗಲೇ ಬೇಕೆಂದರೆ ಸಾಮಾನ್ಯವಾಗಿ ಫಾರ್ಮ್ಯಾಟ್ ಒಂದೇ ದಾರಿ. ಅಷ್ಟಕ್ಕಾಗಿ ಫಾರ್ಮ್ಯಾಟ್ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ.

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ಫಾರ್ಮ್ಯಾಟ್ ಆಗುವಾಗಲೇ ನೂರಕ್ಕೆ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು ತೆಗೆದಿಡುತ್ತದೆ. 2 ಟಿಬಿಯಲ್ಲಿ ಅದು 100 ಜಿಬಿ. ಬರೀ ವಿಡಿಯೊ ತುಂಬಿಡುವ ಡಿಸ್ಕಿಗೆ ಅಷ್ಟು ಮೀಸಲು ಬೇಡ, ಟ್ಯೂನ್2ಎಫ್‌ಎಸ್ ಆದೇಶದಿಂದ ಅದನ್ನು ಇಳಿಸಬಹುದು.

ಮೂರನೆಯದು ಪಾರ್ಟಿಷನ್ ಪಟ್ಟಿ. 500 ಜಿಬಿಯ ಡಿಸ್ಕು 32 ಜಿಬಿ ಆಗಿ ಕಾಣುವಂಥ ಪ್ರಸಂಗಗಳಲ್ಲಿ ಹೆಚ್ಚಿನವು ಇಲ್ಲಿಯವು. ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಒಂದು ಡಿಸ್ಕನ್ನೋ ಪೆನ್‌ಡ್ರೈವನ್ನೋ ಸಿದ್ಧಪಡಿಸಿದಾಗ ಅದಕ್ಕೆ ಬೇಕಾದಷ್ಟೇ ಚಿಕ್ಕ ಪಾರ್ಟಿಷನ್ ಹುಟ್ಟುತ್ತದೆ, ಉಳಿದದ್ದು ಯಾರ ಹೆಸರಿಗೂ ಇಲ್ಲದ ಜಾಗವಾಗಿ ಬಿದ್ದಿರುತ್ತದೆ. ಆ ಚಿಕ್ಕ ಪಾರ್ಟಿಷನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಅಷ್ಟೇ ಇರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕಪ್ಪು ಪಟ್ಟಿಯ ಕೆಳಗೆ ‘ಅನ್‌ಅಲೊಕೇಟೆಡ್’ ಎಂದು ಆ ಜಾಗ ಕಾಣಿಸುತ್ತದೆ. ಡಿಸ್ಕಿನಲ್ಲಿ ಬೇಕಾದದ್ದು ಏನೂ ಇಲ್ಲವೆಂದು ಖಚಿತವಾದ ಮೇಲೆ ವಿಂಡೋಸಿನ ಡಿಸ್ಕ್‌ಪಾರ್ಟ್ ತೆರೆದು, ‘ಲಿಸ್ಟ್ ಡಿಸ್ಕ್’ ಎಂದು ಪಟ್ಟಿ ನೋಡಿ, ಸರಿಯಾದ ಡಿಸ್ಕನ್ನು ಆರಿಸಿ, ‘ಕ್ಲೀನ್’ ಎಂದರೆ ಪಾರ್ಟಿಷನ್ ಪಟ್ಟಿ ಕ್ಷಣದಲ್ಲಿ ಬರಿದಾಗುತ್ತದೆ. ಆಮೇಲೆ ಇಡೀ ಡಿಸ್ಕಿಗೆ ಹೊಸ ಪಾರ್ಟಿಷನ್ ಮಾಡಬಹುದು. ‘ಕ್ಲೀನ್’ ಮತ್ತೊಮ್ಮೆ ಕೇಳುವುದಿಲ್ಲ. ಡಿಸ್ಕಿನ ಸಂಖ್ಯೆ ತಪ್ಪಿದರೆ ಹೋಗುವುದು ನಿಮ್ಮ ಸಿ ಡ್ರೈವಿನ ಪಕ್ಕದಲ್ಲಿರುವ ಮನೆಯವರ ಫೋಟೊಗಳ ಡಿಸ್ಕು. ಬೇರೆ ಡಿಸ್ಕುಗಳನ್ನು ಕಳಚಿಟ್ಟು ಈ ಕೆಲಸ ಮಾಡುವುದು ಕ್ಷೇಮ.

ದೊಡ್ಡ ಡಿಸ್ಕುಗಳಿಗೆ ಇದೇ ಪದರದಲ್ಲಿ ಇನ್ನೊಂದು ಗೋಡೆ. 1980ರ ದಶಕದಿಂದ ಬಂದ ಎಂಬಿಆರ್ ಎಂಬ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರಿನ ಸಂಖ್ಯೆ ಬರೆಯಲು ಇರುವುದು 32 ಬಿಟ್. ಅದರಲ್ಲಿ ಎಣಿಸಬಹುದಾದ ಸೆಕ್ಟರುಗಳು 429 ಕೋಟಿ ಚಿಲ್ಲರೆ. ಸೆಕ್ಟರಿಗೆ 512 ಬೈಟಿನಂತೆ ಸುಮಾರು 2.2 ಟಿಬಿ. 3 ಟಿಬಿ ಡಿಸ್ಕನ್ನು ಹಳೆಯ ಚಾಲಕ ತಂತ್ರಾಂಶಕ್ಕೆ ಜೋಡಿಸಿದಾಗ ಅದು 746 ಜಿಬಿ ಎಂದು ಕಂಡದ್ದಕ್ಕೆ ಕಾರಣ ಇದೇ 32 ಬಿಟ್: ಎಣಿಕೆ 2.2 ಟಿಬಿ ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗಿ ಉಳಿಕೆಯನ್ನಷ್ಟೇ ತೋರಿಸಿತು. ಜಿಪಿಟಿ ಎಂಬ ಹೊಸ ಪಟ್ಟಿಗೆ ಬದಲಿಸಿದರೆ ಎಂಬಿಆರ್‌ನ ಗೋಡೆ ಬೀಳುತ್ತದೆ, ಚಾಲಕ ಹಳೆಯದಾದರೆ ಅದನ್ನೂ ಬದಲಿಸಬೇಕು. ಇಂಥ ಗೋಡೆಗಳು ಹಿಂದೆಯೂ ಇದ್ದವು: 528 ಎಂಬಿಯಲ್ಲಿ, 8.4 ಜಿಬಿಯಲ್ಲಿ, 33.8 ಜಿಬಿಯಲ್ಲಿ, 137 ಜಿಬಿಯಲ್ಲಿ. ಪ್ರತಿ ಸಲವೂ ಯಾರೋ ಇಷ್ಟು ಬಿಟ್ ಸಾಕೆಂದು ನಂಬಿದ್ದರು. 33.8ರ ಗೋಡೆ ದಾಟಲಾಗದ ಹಳೆಯ ಕಂಪ್ಯೂಟರುಗಳಿಗಾಗಿ ಕೆಲವು ಡಿಸ್ಕುಗಳ ಹಿಂದೆ ಒಂದು ಜಂಪರ್ ಇರುತ್ತಿತ್ತು. ಅದನ್ನು ಹಾಕಿದರೆ ಎಷ್ಟೇ ದೊಡ್ಡ ಡಿಸ್ಕೂ 32 ಜಿಬಿ ಎಂದು ಹೇಳಿಕೊಳ್ಳುತ್ತಿತ್ತು. ಹಳೆಯ ಡಿಸ್ಕು ಕೈಗೆ ಬಂದರೆ ಮೊದಲು ಆ ಪುಟ್ಟ ಪ್ಲಾಸ್ಟಿಕ್ ತುಂಡನ್ನು ನೋಡಿ.

ಈಗ ಎಲ್ಲಕ್ಕಿಂತ ಕೆಳಗಿನ ಪದರ, ಡಿಸ್ಕು ತನ್ನ ಬಗ್ಗೆ ತಾನೇ ಹೇಳುವ ಲೆಕ್ಕ. ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದು. 1998ರಲ್ಲಿ, ಡಿಸ್ಕು ಕಂಪ್ಯೂಟರುಗಳ ಸಂವಾದದ ನಿಯಮವಾದ ಎಟಿಎ-4 ಮಾನಕದಲ್ಲಿ ಹೋಸ್ಟ್ ಪ್ರೊಟೆಕ್ಟೆಡ್ ಏರಿಯಾ, ಚುಟುಕಾಗಿ ಎಚ್‌ಪಿಎ, ಎಂಬ ಸೌಕರ್ಯ ಬಂತು. ಒಂದು ಆದೇಶ ಕೊಟ್ಟರೆ ಡಿಸ್ಕು ತನ್ನ ತುದಿಯ ಒಂದಷ್ಟು ಸೆಕ್ಟರುಗಳನ್ನು ಮರೆಮಾಡಿ, ಇರುವುದಕ್ಕಿಂತ ಕಡಿಮೆ ಸಂಖ್ಯೆ ಹೇಳತೊಡಗುತ್ತದೆ. ಲ್ಯಾಪ್‌ಟಾಪ್ ತಯಾರಕರು ಆ ಮರೆಯ ಜಾಗದಲ್ಲಿ ವಿಂಡೋಸಿನ ಮರುಸ್ಥಾಪನೆಯ ಪ್ರತಿ ಇಟ್ಟರು. ಕೆಲವು ಮದರ್‌ಬೋರ್ಡುಗಳು ತಮ್ಮ ಬಯಾಸಿನ ಪ್ರತಿಯನ್ನು ಬಳಕೆದಾರನಿಗೆ ತಿಳಿಸದೆ ಅಲ್ಲಿ ಇಟ್ಟವು. 500 ಜಿಬಿ ಡಿಸ್ಕಿನಲ್ಲಿ ಇರಬೇಕಾದ ಸೆಕ್ಟರುಗಳು 97,67,73,168. ಇಂಥ ಮದರ್‌ಬೋರ್ಡಿಗೆ ಜೋಡಿಸಿ ತೆಗೆದ ಮೇಲೆ ಅದು 97,67,71,055 ಎನ್ನುತ್ತಿತ್ತು. ಕಡಿಮೆಯಾದದ್ದು 2,113 ಸೆಕ್ಟರು, ಒಂದು ಎಂಬಿಯಷ್ಟು. ಅದು ಯಾರ ಗಮನಕ್ಕೂ ಬಾರದು. ಆದರೆ ಲೆಕ್ಕ ತಪ್ಪಿ 1 ಟಿಬಿ ಡಿಸ್ಕು ಬರೀ 32 ಎಂಬಿ ಎಂದು ಹೇಳಿಕೊಂಡ ಪ್ರಸಂಗಗಳೂ ನಡೆದವು. ಎಟಿಎ-6 ಮಾನಕದಲ್ಲಿ ಡಿಸಿಒ ಎಂಬ ಇನ್ನೊಂದು ಮರೆ ಬಂತು. ಬೇರೆ ಬೇರೆ ಗಾತ್ರದ ಡಿಸ್ಕುಗಳು ಒಂದೇ ಗಾತ್ರ ಹೇಳುವಂತೆ ಮಾಡಲು ಕಂಪ್ಯೂಟರ್ ತಯಾರಕರಿಗೆ ಅದು ಅನುಕೂಲ.

ಇಲ್ಲಿ ಫಾರ್ಮ್ಯಾಟೂ ಕೆಲಸ ಮಾಡದು, ಡಿಸ್ಕ್‌ಪಾರ್ಟೂ ಮಾಡದು. ಅವು ಕೇಳುವುದೇ ಡಿಸ್ಕು ಹೇಳಿದ ಸಂಖ್ಯೆಯನ್ನು. ಲಿನಕ್ಸಿನ ಎಚ್‌ಡಿಪಾರ್ಮ್ ಎಂಬ ತಂತ್ರಾಂಶ ಮಾತ್ರ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ತೋರಿಸುತ್ತದೆ: ಈಗ ಹೇಳುತ್ತಿರುವುದು ಇಷ್ಟು, ನಿಜವಾಗಿ ಇರುವುದು ಇಷ್ಟು. ದೊಡ್ಡ ಸಂಖ್ಯೆಯನ್ನೇ ಕಾಯಂ ಮಾಡೆಂದು ಆದೇಶ ಕೊಟ್ಟು ವಿದ್ಯುತ್ ಕಳಚಿ ಮತ್ತೆ ಜೋಡಿಸಿದರೆ ಜಾಗ ಹಿಂದಿರುಗುತ್ತದೆ. ಡಿಸಿಒ ತೆಗೆಯುವುದು ಎಚ್‌ಪಿಎ ತೆಗೆದ ಮೇಲೆಯೇ ಸಾಧ್ಯ. ಯುಎಸ್‌ಬಿ ಪೆಟ್ಟಿಗೆಗಳಲ್ಲಿ ಹಲವು ಈ ಆದೇಶಗಳನ್ನು ಡಿಸ್ಕಿನ ತನಕ ತಲುಪಿಸುವುದಿಲ್ಲ, ಹಾಗಾಗಿ ಡಿಸ್ಕನ್ನು ಕಂಪ್ಯೂಟರಿನ ಸಾಟಾ ಕೇಬಲ್ಲಿಗೇ ಹಾಕಬೇಕು.

ಮರೆಯಾದ ಈ ಜಾಗವನ್ನು ಅಳಿಸುವ ತಂತ್ರಾಂಶವೂ ನೋಡಿರುವುದಿಲ್ಲ. ಅದು ಮೊದಲ ಸೆಕ್ಟರಿನಿಂದ ಡಿಸ್ಕು ಹೇಳಿದ ಕೊನೆಯ ಸೆಕ್ಟರಿನ ತನಕ ಸೊನ್ನೆ ತುಂಬಿ ‘ನೂರಕ್ಕೆ ನೂರು ಮುಗಿಯಿತು’ ಎನ್ನುತ್ತದೆ. ಆಚೆಗಿರುವುದು ಹಾಗೆಯೇ ಉಳಿಯುತ್ತದೆ. ನಿಮಗೆ ಕಾಣದ ಜಾಗ ಅಳಿಸದ ಜಾಗವೂ ಹೌದು. ಕೆಟ್ಟ ಸೆಕ್ಟರುಗಳ ಕಥೆಯೂ ಇದೇ. ಒಂದು ಸೆಕ್ಟರ್ ಕೆಟ್ಟರೆ ಡಿಸ್ಕು ತನ್ನ ಮೀಸಲಿನಿಂದ ಒಂದನ್ನು ಅದರ ಬದಲಿಗೆ ಕೊಡುತ್ತದೆ, ಒಟ್ಟು ಜಾಗ ಕಡಿಮೆಯಾಗುವುದಿಲ್ಲ. ಆದರೆ ಬದಿಗೆ ಸರಿಸಿದ ಹಳೆಯ ಸೆಕ್ಟರಿನಲ್ಲಿದ್ದ ಬರಹ ಅಲ್ಲೇ ಉಳಿಯಿತು, ಅದನ್ನು ಮುಟ್ಟುವ ದಾರಿ ಸಾಮಾನ್ಯ ತಂತ್ರಾಂಶಕ್ಕಿಲ್ಲ. ಡಿಸ್ಕಿನ ನಿಯಂತ್ರಕಕ್ಕೇ ‘ಎಲ್ಲ ಅಳಿಸು’ ಎಂದು ಹೇಳುವ ಸೆಕ್ಯೂರ್ ಇರೇಸ್ ಆದೇಶ, ಅದರಲ್ಲೂ ಅದರ ಎನ್‌ಹ್ಯಾನ್ಸ್ಡ್ ರೂಪ, ಇಂಥ ಮೂಲೆಗಳಿಗಾಗಿಯೇ ಇರುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಗಾರ್ಡನ್ ಹ್ಯೂಸ್ ಅದನ್ನು ಬಳಕೆಗೆ ತರಲು ಬಹಳ ಶ್ರಮಿಸಿದವರು. ಎಸ್‌ಎಸ್‌ಡಿಗಳಲ್ಲಿ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಅದೇ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಪರೀಕ್ಷಿಸಿದ ಡ್ರೈವುಗಳಲ್ಲಿ ಒಂದು ತಾನು ಅಳಿಸಿದೆನೆಂದು ವರದಿ ಕೊಟ್ಟಿತ್ತು, ಒಳಗಿನ ಡೇಟಾ ಮಾತ್ರ ಇದ್ದ ಹಾಗೇ ಇತ್ತು.

ಇದು ಬರೀ ಸಿದ್ಧಾಂತದ ಭಯವಲ್ಲ. ಎಂಐಟಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲತ್ 2000ದಿಂದ 2002ರ ನಡುವೆ 158 ಹಳೆಯ ಡಿಸ್ಕುಗಳನ್ನು ಕೊಂಡರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು, ಒಂದು ಡಿಸ್ಕು ಎಟಿಎಂ ಯಂತ್ರದಿಂದ ಬಂದದ್ದಾಗಿತ್ತು. 2003ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು, ಜನ ಫಾರ್ಮ್ಯಾಟನ್ನೇ ಅಳಿಸುವುದೆಂದು ನಂಬಿದ್ದಾರೆ ಎಂದು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಇತರರ ಮಾಹಿತಿಯನ್ನು ಅಳಿಸುವುದನ್ನು ಸಂಸ್ಥೆಗಳ ಹೊಣೆ ಮಾಡಿದೆ. ಮಾಹಿತಿಯ ರಕ್ಷಣೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯ ತನಕ ಏರಬಹುದು.

ಎಷ್ಟು ಸುತ್ತು ಅಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಈಗ ಸುಲಭ. ಸಂಶೋಧಕ ಪೀಟರ್ ಗುಟ್‌ಮನ್ 1996ರಲ್ಲಿ ಸೂಚಿಸಿದ 35 ಸುತ್ತುಗಳು ಆ ಕಾಲದ ಬೇರೆ ಬೇರೆ ಡಿಸ್ಕುಗಳಿಗಾಗಿ ಹೇಳಿದ್ದವು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರ ತನ್ನ ಮಾರ್ಗಸೂಚಿಯಲ್ಲಿ ಕಾಂತೀಯ ಡಿಸ್ಕಿಗೆ ಸಾಮಾನ್ಯವಾಗಿ ಒಂದೇ ಸುತ್ತು ಸಾಕೆಂದಿದೆ. 35 ಸುತ್ತು ತಿರುಗಿಸುತ್ತಾ ದಿನಗಟ್ಟಲೆ ಕೂರುವುದಕ್ಕಿಂತ, ಒಂದೇ ಸುತ್ತು ಇಡೀ ಡಿಸ್ಕನ್ನು ಮುಟ್ಟಿತೇ ಎಂದು ನೋಡುವುದು ಮೇಲು.

ಸರ್ವರಿನಿಂದ ಬಿಚ್ಚಿದ ಸ್ಯಾಸ್ ಡಿಸ್ಕು ಅಗ್ಗಕ್ಕೆ ಸಿಕ್ಕಿದರೆ ಇನ್ನೊಂದು ಸಂಗತಿ ನೆನಪಿಡಿ. ಅವುಗಳಲ್ಲಿ ಕೆಲವದರ ಸೆಕ್ಟರ್ 512ರ ಬದಲು 520 ಬೈಟಿನದು, ಹೆಚ್ಚಿನ 8 ಬೈಟು ತಪ್ಪು ಪತ್ತೆಹಚ್ಚಲು. ಮನೆಯ ಕಂಪ್ಯೂಟರಿಗೆ ಅದು ಸೊನ್ನೆ ಬೈಟಿನ ಡಿಸ್ಕಾಗಿ ಕಾಣುತ್ತದೆ. ಎಸ್‌ಜಿ_ಫಾರ್ಮ್ಯಾಟ್ ಎಂಬ ಲಿನಕ್ಸ್ ಆದೇಶ ಅದನ್ನು 512ಕ್ಕೆ ತರುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ನಡುವೆ ನಿಲ್ಲಿಸುವಂತಿಲ್ಲ.

ಹಳೆಯ ಡಿಸ್ಕು ಮಾರುವವರಲ್ಲಿ, ಕೊಳ್ಳುವವರಲ್ಲಿ ನನ್ನ ವಿನಂತಿ ಒಂದೇ. ಹಲವು ಡಿಸ್ಕುಗಳ ಮೇಲಿನ ಚೀಟಿಯಲ್ಲಿ ‘ಎಲ್‌ಬಿಎ’ ಎಂದು ಬರೆದು ಮುಂದೆ ಒಂದು ದೊಡ್ಡ ಸಂಖ್ಯೆ ಅಚ್ಚಾಗಿರುತ್ತದೆ. ಅದು ಆ ಡಿಸ್ಕಿನ ಒಟ್ಟು ಸೆಕ್ಟರುಗಳು. ಅಳಿಸುವ ಮೊದಲು ಅದನ್ನು ಡಿಸ್ಕು ಹೇಳುವ ಸಂಖ್ಯೆಯೊಂದಿಗೆ ಹೋಲಿಸಿ. ಎರಡೂ ಒಂದೇ ಇದ್ದರೆ ಅಳಿಸಿ, ಮಾರಿ. ಬೇರೆ ಇದ್ದರೆ ಮೊದಲು ಮರೆಯನ್ನು ತೆಗೆದು, ಆಮೇಲೆ ಇಡೀ ಡಿಸ್ಕನ್ನು ಅಳಿಸಿ. ಎರಡು ಸಂಖ್ಯೆಗಳು ಕೂಡುವ ತನಕ ಆ ಡಿಸ್ಕನ್ನು ಯಾರ ಕೈಗೂ ಕೊಡಬೇಡಿ.